ಪಂಚರ ಸಮಕ್ಷಮ

ಠಾಣೆ ಎದುರಿಗೇ ನಂದು ಚಾದಂಗಡಿ.
ಅದೊಂದೇ ನನ್ನ ತಪ್ಪು.
ಸಾಕ್ಷಿ ಬೇಕಾದಾಗ ರೈಟರ್ ಮಲಕಪ್ಪ ಗೇಟಿನಿಂದ ಕೈ ಮಾಡ್ತಾನ,
ಸ್ಟವ್ ಸಣ್ಣ ಮಾಡಿ, ಕೈ ಒರಸಿಕೊಂಡು ಹೋಗ್ತೀನಿ.

"ಲಾಡ್ಲೇಸಾಬ ತಂದೆ ಮಶಾಕಸಾಬ, ವಯಸ್ಸು ಐವತ್ತೊಂಬತ್ತು,
ಉದ್ಯೋಗ ಚಹಾ ವ್ಯಾಪಾರ, ಸಾಕಿನ್ ಕಲಬುರಗಿ,
ಸದರಿ ಪಂಚರ ಸಮಕ್ಷಮ..."
ಅಂವ ಬರೀತಾನ, ನಾ ನೋಡ್ತೀನಿ.
ನೋಡೂದೇ ನನ್ನ ಕೆಲಸ. ಪಗಾರ ಇಲ್ಲ.

ಇಪ್ಪತ್ತೆರಡು ವರ್ಷ ಆತು.
ಮೊದಲ ಸಲ ಸಹಿ ಮಾಡುವಾಗ ಪೂರಾ ಬರದಿದ್ದೆ,
ಅಪ್ಪನ ಹೆಸರು, ಅಡ್ಡಹೆಸರು, ಕೆಳಗ ಒಂದು ಗೆರಿ.
ಈಗ ಒಂದು ಲಾ, ಅದಕ್ಕೊಂದು ಬಾಲ.
ಕಾಗದ ಜಾಸ್ತಿ ಆದಂಗ ಹೆಸರು ಸವೀತದ.

ಆಗ ಬರೂ ಸಾಮಾನು ಹೊಲದ್ದು.
ಕೊಡ್ಲಿ, ಕುಡಗೋಲು, ಒಮ್ಮೊಮ್ಮೆ ಗಳೇದ ಕಟಗಿ,
ತುದಿಗೆ ಎರಿಮಣ್ಣು ಇನ್ನಾ ಹಸಿ.
ಕಾರಣಾನೂ ಅಷ್ಟೇ ಭಾರ:
ಬಾಂದು, ಬಾವಿ, ಮೂರು ತಲಿ ಹಿಂದಿನ ಮಾತು.
ಕಡದಂವ ತಾನೇ ನಡಕೊಂಡು ಬಂದು
ಠಾಣೆ ಕಟ್ಟಿ ಮ್ಯಾಲ ಕೂತು
"ಒಂದ್ ಕಪ್ ಚಾ ಕೊಡು ಮಾಮಾ" ಅಂತಿದ್ದ.
ಕೊಟ್ಟೀನಿ. ರೊಕ್ಕ ಕೇಳಿಲ್ಲ.

ಆಮ್ಯಾಲ ಚಾಕು ಬಂದ್ವು,
ಉಳ್ಳಾಗಡ್ಡಿ ಹೆಚ್ಚೂವು, ಕುರಿ ಸುಲಿಯೂವು.
ಈಗೀಗ ಕೊರಿಯರ್ ಡಬ್ಬಿಯೊಳಗ ತಲ್ವಾರ ಬರ್ತಾವ,
ಹಿಡಿಕಿಗೆ ಪ್ಲಾಸ್ಟಿಕ್ ಸುತ್ತಿದ್ದು ಸುತ್ತಿದಂಗ.
ಮೊದಲು ಹುಟ್ಟುಹಬ್ಬದ ಕೇಕ್ ಕೊಯ್ತಾವ.
ಮಲಕಪ್ಪ ಸ್ಕೇಲ್ ಹಿಡದು ಅಳದ:
ಉದ್ದ ಇಪ್ಪತ್ತಾರು ಇಂಚು, ಅಗಲ ಎರಡು,
ಹಿಡಿಕಿ ಹತ್ರ ಬಿಳಿ ಬಣ್ಣದ ಒಣಗಿದ ಪದಾರ್ಥ.
"ಕ್ರೀಮ್ ಅಂತ ಬರೀಲೇನು, ಲಾಡ್ಲೇಸಾಬ?"
ಬರಿ ಅಂದೆ.

ಕಾರಣ ಹಗುರ ಆಗ್ಯಾವ.
ಗಾಡಿ ಹಾರ್ನ್. ದುರುಗುಟ್ಟಿ ನೋಡಿದ್ದು.
ಮೊಬೈಲಿನಾಗ ಇಟ್ಟ ಎರಡು ಸಾಲು.
ಅಂಬಾರಾಯನ ಮಗ ರೇವು, ಹತ್ತೊಂಬತ್ತು ನಡೀತಿತ್ತು,
ಬ್ಯಾಳಿ ಮಿಲ್ಲಿನಾಗ ಚೀಲ ಹೊಲೀತಿದ್ದ,
ಗುಟಕಾದ ಚಿಲ್ಲರ ಐದು ರೂಪಾಯಿಗೆ ಹೋದ.
ಶಹಾಬಾದಿ ಪರಸಿ ಮ್ಯಾಲ ಸುಣ್ಣದ ಗೆರಿ ಎಳದಿದ್ರು,
ಗೆರಿಯೊಳಗ ಹುಡುಗ ಇರಲಿಲ್ಲ.
"ಪ್ಲಾಸ್ಟಿಕ್ ಚಪ್ಪಲಿ ಒಂದು ಜೊತೆ,
ಎಡಗಾಲಿನದು ಉಂಗುಷ್ಟ ಹರಿದು ಪಿನ್ ಹಾಕಿದ್ದು."
ಪಿನ್ ನಂದು.
ಹಿಂದಿನ ದಿನ ಅಂಗಿ ಗುಂಡಿ ಜಾಗದಿಂದ ತಗದು ಕೊಟ್ಟಿದ್ದೆ.
ಯಾರೂ ಕೇಳಲಿಲ್ಲ, ಅದು ಪಂಚನಾಮೆದಾಗ ಬರಲಿಲ್ಲ.

ಮನ್ನೆ ದೊಡ್ಡ ಸಾಹೇಬರು ಪೇಪರಿನವರನ್ನ ಕರದಿದ್ರು.
ಮೂವತ್ತು ಚಾ, ಎರಡು ಸಕ್ಕರಿ ಇಲ್ಲದ್ದು.
ಕೆಟಲ್ ಹಿಡಕೊಂಡು ಬಾಗಲದಾಗ ನಿಂತಿದ್ದೆ.
ಗ್ವಾಡಿ ಮ್ಯಾಲ ಬಣ್ಣದ ಕಂಬ, ಒಂದಕ್ಕಿಂತ ಒಂದು ಗಿಡ್ಡ.
"ಕಳೆದ ವರ್ಷ ಇಪ್ಪತ್ತೊಂದು ಕೊಲೆ, ಈ ವರ್ಷ ಹದಿನೆಂಟು.
ಇಳಿಮುಖ ಕಾಣುತ್ತಿದೆ."
ಎಲ್ಲಾರೂ ಬರಕೊಂಡ್ರು. ಚಾ ಚೊಲೊ ಅದ ಅಂದ್ರು.

ರಾತ್ರಿ ಗ್ಲಾಸ್ ತೊಳಿಯುವಾಗ ತಲ್ಯಾಗ ಹೊಕ್ಕಿತು.
ಮೂರು ಕಮ್ಮಿ.
ಯಾರವರು?
ಸುಪರ್ ಮಾರ್ಕೆಟಿನಾಗ ಟಮಾಟಿ ರೇಟ್ ಕೇಳ್ಕೋತ
ಬಿಸಲಿಗೆ ಬಯ್ಕೋತ ಅಡ್ಡಾಡತಿರಬೇಕು ಆ ಮೂವರು.
ಅವರಿಗೇ ಗೊತ್ತಿಲ್ಲ.
ಅವರ ಬಗ್ಗೆ ಯಾರ ಸಮಕ್ಷಮಾನೂ ಯಾರೂ ಏನೂ ಬರೀಲಿಲ್ಲ.

ಅವತ್ತಿಂದ ಗಿರಾಕಿ ಮಾರಿ ನೋಡೂ ಚಟ ಹತ್ತ್ಯಾದ.
ನಿನ್ನೆ ಮಧ್ಯಾಹ್ನ ಇಬ್ಬರು ಹುಡುಗರು, ಖಾಲಿ ಇದ್ದದ್ದು ಒಂದೇ ಕುರ್ಚಿ.
ಒಬ್ಬಂವ ಸೆಟದು ನಿಂತ.
ಕೈ ಬೆನ್ನ ಹಿಂದ ಹೋತು, ಅಂಗಿಯೊಳಗ.
ನನ್ನ ಸೌಟು ಗಾಳ್ಯಾಗೇ ಉಳೀತು.
ಇನ್ನೊಬ್ಬಂವ ತಲಿ ಕೆರಕೊಂಡು
"ಕೂಡೋ ಮಾರಾಯ, ನಾ ನಿಂತೇ ಕುಡೀತೀನಿ" ಅಂದ.
ಅಂವ ಸ್ವಲ್ಪ ಹೊತ್ತು ಹಂಗೇ ನಿಂತಿದ್ದ. ಕೂತ.
ಕೈ ಹೊರಗ ಬಂತು.
ಖಾಲಿ ಇತ್ತೋ, ಏನರ ಇತ್ತೋ,
ನಾ ಆ ಕಡಿ ನೋಡಲಿಲ್ಲ.

ಉದ್ರಿ ವಹಿ ತಗದು ತಾರೀಖು ಹಾಕಿದೆ.
ಏನಂತ ಬರೀಬೇಕು ತಿಳೀಲಿಲ್ಲ.
ಎರಡು ಚಾ. ಒಂದು ಕುರ್ಚಿ.
ಅಷ್ಟರಾಗ ಹಾಲು ಉಕ್ಕಿ
ಸ್ಟವ್ ಆರಿ ಹೋಗಿತ್ತು.